ಹುಣಸೆಹಣ್ಣಿನಲ್ಲಿ ತೊಳೆದ ಬಂದೂಕು

ಬಂದೂಕನ್ನು ನಾನು ಮೊದಲ ಸಲ ಮುಟ್ಟಿದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಒಬ್ಬ ರೋಗಿಯ ಅಡುಗೆಮನೆಯಲ್ಲಿ. ಮುಟ್ಟಬೇಕೆಂಬ ಆಸೆಯಿಂದ ಮುಟ್ಟಿದ್ದಲ್ಲ. ಅದನ್ನು ಮೇಜಿನ ಮೇಲೆ ಉದ್ದಕ್ಕೆ ಇಟ್ಟಿದ್ದರು. ಪಕ್ಕಕ್ಕೆ ಸರಿಸದೆ ನನ್ನ ಬಿ.ಪಿ. ಯಂತ್ರ ಇಡಲು ಜಾಗವಿರಲಿಲ್ಲ.

ಆಗ ನಾವು ಉತ್ತರ ಕ್ಯಾರೊಲಿನಾದ ಡರ್ಹಮ್‌ನಲ್ಲಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು. ವಿಯೆಟ್ನಾಂ ಯುದ್ಧ ಮುಗಿಯುತ್ತ ಬಂದಿತ್ತು. ನಮ್ಮವರು ಊರಿನ ಲ್ಯಾಬೊಂದರಲ್ಲಿ ವಿಜ್ಞಾನಿ. ನಾನು ಒಂದು ಗಂಟೆ ದೂರದಲ್ಲಿ, ತಂಬಾಕು ಬೆಳೆಯುವ ಸೀಮೆಯ ಸಣ್ಣ ಆಸ್ಪತ್ರೆಯಲ್ಲಿ ಎದೆರೋಗದ ಡಾಕ್ಟರು. ಮೈಸೂರಿನಲ್ಲಿ ಓದಿದವಳು, ಮೈಸೂರಿನ ಬಾಯಿ. ಅದು ಈ ಕಥೆಗೆ ಬೇಕಾದ ಮಾತೇ, ಯಾಕೆಂದರೆ ಆ ಬಾಯಿ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಲಿಲ್ಲ.

ರೋಗಿಗೆ ಅರವತ್ತೇಳು ವರ್ಷ. ಹೆಂಡತಿ ತೀರಿಕೊಂಡಿದ್ದರು. ಜೀವಮಾನವೆಲ್ಲ ಬೆಳೆದ ತಂಬಾಕನ್ನೇ ಜೀವಮಾನವೆಲ್ಲ ಸೇದಿ ಶ್ವಾಸಕೋಶ ಜರಡಿಯಾಗಿತ್ತು. ಅವರನ್ನು ಇಲ್ಲಿ ಅಜ್ಜ ಎನ್ನುತ್ತೇನೆ. ಎದುರಿಗೆ ಹಾಗೆ ಕರೆದವಳಲ್ಲ. ಅವರು ನನ್ನನ್ನು ‘ಡಾಕ್’ ಎನ್ನುತ್ತಿದ್ದರು, ನಾನು ‘ಸರ್’ ಎನ್ನುತ್ತಿದ್ದೆ. ಮೊದಲ ದಿನ ನನ್ನನ್ನೂ ನನ್ನ ಸೀರೆಯನ್ನೂ ನೋಡಿ, “ಬೇರೆ ಡಾಕ್ಟ್ರು ಯಾರೂ ಇಲ್ವಾ?” ಎಂದು ಕೇಳಿದ್ದರು. “ಇದಾರೆ, ಅವರಿಗೆ ನಿಮ್ ಜೊತೆ ಜಗಳ ಆಡೋಕೆ ಪುರುಸೊತ್ತಿಲ್ಲ” ಎಂದಿದ್ದೆ. ಅಂದಿನಿಂದ ಹೊಂದಿಕೆಯಾಯಿತು. ಅವರ ಇಂಗ್ಲಿಷನ್ನು ನಮ್ಮ ಮನೆಮಾತಿನಲ್ಲೇ ಬರೆಯುತ್ತಿದ್ದೇನೆ. ಆ ಸೀಮೆಯವರು ಎಳೆದೆಳೆದು ಆಡುವ ಮಾತು ನನ್ನ ಅಕ್ಷರಕ್ಕೆ ಸಿಗುವುದಿಲ್ಲ.

ವಾರಕ್ಕೊಮ್ಮೆ ಮನೆಗೆ ಹೋಗಿ ಅವರ ಎದೆ ನೋಡಿ ಬರುತ್ತಿದ್ದೆ. ಆ ದಿನ ಆಗಸ್ಟಿನ ಕೊನೆ. ರೈಫಲನ್ನು ನಾನು ಸರಿಸಿದ ಕೂಡಲೇ ಅಜ್ಜ ಅದರ ಮೇಲೆ ಕೈಯಿಟ್ಟರು.

“ಇದು ಕೆನಡಾಗೆ ಹೋಗ್ಬೇಕು ಡಾಕ್. ನನ್ನ ಮಗನಿಗೆ.”

ಮಗನೊಬ್ಬ ಇದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ. ಹತ್ತಿರದ ಬಂಧು ಎಂಬಲ್ಲಿ ಚಾರ್ಟಿನಲ್ಲಿದ್ದದ್ದು ಪಕ್ಕದ ಮನೆಯವರ ಹೆಸರು. ಐದು ವರ್ಷದ ಹಿಂದೆ ಸೈನ್ಯದ ಕರೆ ಬಂದಾಗ ಅವನು ಯುದ್ಧಕ್ಕೆ ಹೋಗುವುದಿಲ್ಲವೆಂದು ಗಡಿ ದಾಟಿ ಟೊರಾಂಟೊ ಸೇರಿದ್ದ. ತಿರುಗಿ ಬಂದರೆ ಜೈಲು. ಊರವರು ಅಜ್ಜನ ಮುಂದೆ ಅವನ ಹೆಸರೆತ್ತುವುದನ್ನು ಬಿಟ್ಟಿದ್ದರು, ಅಜ್ಜ ಅವನ ಜೊತೆ ಮಾತನ್ನೇ ಬಿಟ್ಟಿದ್ದರು. ಅವನು ಬರೆದ ಕಾಗದಗಳು ಒಡೆಯದೆ ಡ್ರಾಯರಿನಲ್ಲಿ ಬಿದ್ದಿದ್ದವು.

“ಬಂದೂಕು ಹಿಡಿಯಲ್ಲ ಅಂತ ದೇಶ ಬಿಟ್ಟು ಹೋದವನಿಗೆ ಬಂದೂಕು ಕಳಿಸ್ತೀರಾ?” ಎಂದೆ.

“ಅವನು ಹಿಡಿಯಲ್ಲ ಅಂದಿದ್ದು ಮನುಷ್ಯರ ಮೇಲೆ. ಜಿಂಕೆ ಮೇಲೆ ಯಾವತ್ತೂ ಬೇಡ ಅಂದವನಲ್ಲ. ಇದರಲ್ಲೇ ಕಲಿತಿದ್ದು.” ಉಸಿರಿಗಾಗಿ ನಿಲ್ಲಿಸಿದರು. “ಇಷ್ಟು ತಿಳ್ಕೊಳ್ಳೋಕೆ ನಂಗೆ ಐದು ವರ್ಷ ಹಿಡೀತು.”

“ಅದನ್ನೇ ಒಂದು ಕಾಗದದಲ್ಲಿ ಬರೀರಿ. ಇಲ್ಲಾ ಫೋನ್ ಮಾಡಿ.”

“ಏನಂತ ಮಾಡ್ಲಿ? ಇದು ಕೈಗೆ ಬಂದ್ರೆ ಅವನಿಗೆ ಗೊತ್ತಾಗುತ್ತೆ.”

ನಾನೇ ಏಕೆ ಎಂದು ಕೇಳಿದೆ. “ನಂಗೆ ಗೊತ್ತಿರೋರಲ್ಲಿ ಗಡಿ ದಾಟಿ ಬಂದಿರೋಳು ನೀನೊಬ್ಬಳೇ. ಪೇಪರು ಮಾಡೋದು ನಿಂಗೆ ಗೊತ್ತು. ಎಲ್ಲ ಕಾನೂನಿನ ಪ್ರಕಾರವೇ ಆಗ್ಬೇಕು. ಆ ಹುಡುಗ ಈಗಾಗ್ಲೇ ಒಂದು ತಪ್ಪು ತಲೆ ಮೇಲೆ ಹೊತ್ಕೊಂಡಿದಾನೆ, ಇನ್ನೊಂದು ಬೇಡ.”

ಅವರಿಗೆ ಇನ್ನು ಎಷ್ಟು ದಿನ ಉಳಿದಿದೆ ಎಂಬುದು ನನಗೆ ಅಂದಾಜಿತ್ತು. ಕ್ರಿಸ್‌ಮಸ್ ಕಾಣುವುದು ಕಷ್ಟ. ಒಪ್ಪಿಕೊಂಡೆ. ಮರುಕದಿಂದ ಮಾತ್ರ ಒಪ್ಪಿಕೊಂಡೆನೆಂದರೆ ಸುಳ್ಳಾದೀತು. ವೀಸಾ, ಗ್ರೀನ್ ಕಾರ್ಡು, ಡಾಕ್ಟರಿಕೆಯ ಲೈಸೆನ್ಸು ಎಂದು ಏಳೆಂಟು ವರ್ಷ ಅರ್ಜಿ ತುಂಬಿ ತುಂಬಿ, ಆ ಕಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು.

ಕಾನೂನು ತಿಳಿಯಲು ಮೊದಲು ಹೋದದ್ದು ಊರಿನ ಬಂದೂಕಿನ ಅಂಗಡಿಗೆ. ಅಂಗಡಿಯವನು ಒಂದು ಸುಲಭದ ದಾರಿ ಹೇಳಿದ. ಬೇಟೆಗೆ ಹೋಗುತ್ತೇನೆ, ವಾಪಸು ತರುತ್ತೇನೆ ಎಂದು ಕಸ್ಟಮ್ಸ್‌ನಲ್ಲಿ ನಂಬರು ಬರೆಸುವುದು, ಅಲ್ಲಿ ಬಿಟ್ಟು ಸುಮ್ಮನೆ ಬರುವುದು. ಯಾರೂ ಕೇಳುವುದಿಲ್ಲವಂತೆ. ತರುತ್ತೇನೆ ಎಂದು ಸಹಿ ಹಾಕಿ ತರದಿರುವುದು ಸುಳ್ಳಲ್ಲವೇ ಎಂದು ನಾನು ದೊಡ್ಡದಾಗಿ ಉಪದೇಶ ಮಾಡಿದೆ. ಅವನು ಹೆಗಲು ಕುಣಿಸಿ, ಹಾಗಾದರೆ ವಾಷಿಂಗ್ಟನ್ನಿಗೆ ಬರೆ ಎಂದ.

ವಾಷಿಂಗ್ಟನ್ನಿನ ಆಯುಧ ರಫ್ತಿನ ಕಚೇರಿ ನನ್ನ ಮೊದಲ ಅರ್ಜಿಯನ್ನು ಹಿಂದಕ್ಕೆ ಕಳಿಸಿತು. ಕಳಿಸುವವಳು ನಾನೆಂದು ಬರೆದಿದ್ದೆ. ಕಳಿಸಬೇಕಾದವರು ಒಡೆಯರು, ನಾನು ಒಯ್ಯುವವಳು ಮಾತ್ರ. ಎರಡನೆಯ ಸಲ ರಜೆ ಹಾಕಿ ಖುದ್ದಾಗಿ ಹೋದೆ. ಅಲ್ಲಿನ ಗುಮಾಸ್ತೆ, ಕನ್ನಡಕವನ್ನು ಸರಪಳಿಯಲ್ಲಿ ತೂಗುಬಿಟ್ಟಿದ್ದ ಹೆಂಗಸು, ನನ್ನನ್ನು ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ವಿವರಿಸಿದಳು. ಪಡೆಯುವವನು ತಾನು ಪಡೆಯುತ್ತೇನೆಂದು ಬರೆದ ಪತ್ರ ಬೇಕು. ರೈಫಲಿನ ಮೈಮೇಲೆ ಒತ್ತಿರುವ ನಂಬರು ಮೂರು ಕಡೆ ಬರೆಯಬೇಕು. ವಿಮಾನ ಹತ್ತುವ ಮುಂಚೆ ಕಸ್ಟಮ್ಸ್ ಅಧಿಕಾರಿ ಆ ನಂಬರನ್ನು ಕಣ್ಣಾರೆ ನೋಡಿ ಲೈಸೆನ್ಸಿನ ಮೇಲೆ ಮುದ್ರೆ ಒತ್ತಬೇಕು.

“ಇನ್ನೊಂದು ಮಾತು,” ಎಂದಳು. “ಅರ್ಜಿದಾರರಿಗೆ ಹುಷಾರಿಲ್ಲ ಅಂದ್ರಲ್ಲ. ರೈಫಲ್ ದೇಶ ಬಿಡೋ ದಿನ ಅವರು ಬದುಕಿರ್ಬೇಕು. ಇಲ್ದಿದ್ರೆ ಈ ಲೈಸೆನ್ಸ್ ನಡೆಯಲ್ಲ. ಆಸ್ತಿ ಹಂಚಿಕೆ ಕೋರ್ಟು ಮುಗಿಸಿ ಮತ್ತೆ ಮೊದಲಿಂದ ಶುರು.”

ಮಗನಿಗೆ ನಾನೇ ಕಾಗದ ಬರೆದೆ. ಉತ್ತರ ಎರಡೇ ಸಾಲು. ಮೊದಲ ಸಾಲಿನಲ್ಲಿ ಕಚೇರಿಗೆ ಬೇಕಾದ ಒಪ್ಪಿಗೆ. ಎರಡನೆಯದರಲ್ಲಿ, ‘ಇದು ನಿಜವಾಗಿ ಅವರೇ ಹೇಳಿದ್ದೇ?’ ಎಂಬ ಪ್ರಶ್ನೆ. ಅಜ್ಜನಿಗೆ ಓದಿ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು.

ಅಕ್ಟೋಬರಿನಲ್ಲಿ ಲೈಸೆನ್ಸು ಬಂತು. ಅದೇ ವಾರ ಅಜ್ಜ ಆಸ್ಪತ್ರೆ ಸೇರಿದರು. ರಕ್ತದಲ್ಲಿ ಇಂಗಾಲದ ಅನಿಲ ಏರುತ್ತಿತ್ತು, ಹಗಲಲ್ಲೇ ತೂಕಡಿಕೆ. ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸುವುದು ಬೇಡವೇ ಬೇಡ ಎಂದು ಬರೆದುಕೊಟ್ಟಿದ್ದರು. ನಾನು ವಿಮಾನದ ಟಿಕೆಟ್ ತೆಗೆಸಿ, ಮಗನಿಗೆ ಫೋನಿನಲ್ಲಿ ದಿನ ಹೇಳಿ, ರೈಫಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ನಮ್ಮ ಮನೆಗೆ ತಂದೆ. ಗುಂಡು ಒಂದೂ ಇಲ್ಲ. ಗುಂಡನ್ನು ಕೊಳವೆಯೊಳಕ್ಕೆ ತಳ್ಳುವ ಹಿಡಿಯುಳ್ಳ ಉಕ್ಕಿನ ತುಂಡಿಗೆ ಬೋಲ್ಟ್ ಎನ್ನುತ್ತಾರೆ. ಅದನ್ನು ಹೊರತೆಗೆದು ಬೇರೆ ಸುತ್ತಿದ್ದೆ.

ಹೊರಡುವ ಹಿಂದಿನ ದಿನ ಆಯುಧಪೂಜೆ.

ಡರ್ಹಮ್‌ನಲ್ಲಿ ನಾವು ಹಬ್ಬ ಬಿಟ್ಟವರಲ್ಲ. ಪ್ರತಿವರ್ಷ ನಮ್ಮವರ ಟೈಪ್‌ರೈಟರು, ನನ್ನ ಸ್ಟೆತಸ್ಕೋಪು, ಈಳಿಗೆಮಣೆ, ಕಾರಿನ ಕೀ ಎಲ್ಲವನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದೆ. ಈ ಸಲ ಮನೆಯಲ್ಲಿ ನಿಜವಾದ ಆಯುಧವೇ ಇತ್ತು.

“ರೀ, ಇಷ್ಟು ವರ್ಷ ಚಾಕು ಚೂರಿಗೆ ಮಾಡಿದೀವಿ. ಇವತ್ತು ಇದನ್ನ ಬಿಟ್ಟು ಟೈಪ್‌ರೈಟರ್‌ಗೆ ಆಯುಧಪೂಜೆ ಮಾಡಿದ್ರೆ ದೇವಿ ನಗಲ್ವಾ?” ಎಂದೆ.

“ನಮ್ದಲ್ಲ ಕಣೇ ಅದು. ಬೀಗ ಹಾಕಿದೆ, ಹಾಗೇ ಇರ್ಲಿ ಬಿಡು.”

ಬಿಡುವವಳೇ ನಾನು? ಇನ್ನೊಬ್ಬರ ಮಗನಿಗೆ ಹೋಗುವ ವಸ್ತು, ಒಳ್ಳೆಯ ಗಳಿಗೆಯಲ್ಲಿ ಹೋಗಲಿ ಎಂಬ ಆಸೆ ನಿಜವಾಗಿಯೂ ಇತ್ತು. ಪೆಟ್ಟಿಗೆ ತೆರೆದೆ. ಮರದ ಹಿಡಿ ಚೆನ್ನಾಗಿತ್ತು. ಉಕ್ಕು ಮಾತ್ರ ತಳ ಹಿಡಿದ ಬಾಣಲೆಯ ಹಾಗೆ ಕರ್ರಗಿತ್ತು. ಕೊಳೆಯ ಮೇಲೆ ಕುಂಕುಮ ಹಚ್ಚುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮೈಸೂರಿನಿಂದ ಬಂದ ಹುಣಸೆಹಣ್ಣನ್ನು ಸಾರಿಗೂ ಅಳೆದು ಹಾಕುತ್ತಿದ್ದವಳು ಧಾರಾಳವಾಗಿ ಕಿವುಚಿ, ಉಪ್ಪು ಬೆರೆಸಿ, ದೀಪದ ಕಂಬ ಬೆಳಗುವ ಹಾಗೆ ಬೆಳಗಲು ಕೂತೆ.

ನಮ್ಮವರು ಬಾಗಿಲಲ್ಲಿ ನಿಂತು, “ಅದು ಕೊಳೆ ಅಲ್ವೇನೋ. ಏನೋ ಕೋಟಿಂಗ್ ಇರ್ಬೇಕು, ಚೆಕ್ ಮಾಡು” ಎಂದರು.

“ನೀವು ಪಾತ್ರೆ ತಿಕ್ಕಿದೀರಾ ಯಾವತ್ತಾದ್ರೂ?” ಎಂದು ಬಾಯಿ ಮುಚ್ಚಿಸಿದೆ.

ಕಪ್ಪು ಬಿಡತೊಡಗಿದಾಗ ನನಗೆ ಎಷ್ಟು ಖುಷಿ! ಹುಣಸೆಹುಳಿಗೆ ಬಿಡದ ಕಡೆ ಉಕ್ಕಿನ ನಾರಿನಿಂದ ಉಜ್ಜಿದೆ. ಬೋಲ್ಟ್ ಕೂರುವ ಜಾಗದ ಮೇಲುಭಾಗ, ಅಂಗೈಯಗಲ, ಬೆಳ್ಳಿಯಂತೆ ಹೊಳೆಯಿತು. ಅಲ್ಲಿಗೇ ಗಂಧ ಕುಂಕುಮ ಇಟ್ಟು, ಹೂವೇರಿಸಿ, ಮಂಗಳಾರತಿ ಎತ್ತಿದೆ. ಪೂಜೆಯಾದ ಮೇಲೆ ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ ಪೆಟ್ಟಿಗೆಗೆ ಸೇರಿಸಿದೆ. ನಾನು ತಿಕ್ಕಿದ ಆ ಅಂಗೈಯಗಲದ ನಡುವೆಯೇ ನಂಬರು ಒತ್ತಿತ್ತು. ಹಳೆಯ ರೈಫಲು, ಆಳವಿಲ್ಲದ ಅಂಕೆಗಳು. ಸವೆದ ಅಂಕೆಗಳ ಅಂಚನ್ನು ಎತ್ತಿ ತೋರಿಸುತ್ತಿದ್ದದ್ದು ಆ ಕಪ್ಪೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಬೇಗ ಹೊರಟು, ವಾಷಿಂಗ್ಟನ್ನಿನ ಪಕ್ಕ ವರ್ಜೀನಿಯಾದಲ್ಲಿರುವ ಏರ್‌ಪೋರ್ಟ್ ಸೇರಿದೆವು. ಕಸ್ಟಮ್ಸ್ ಕೋಣೆಯ ಅಧಿಕಾರಿ ಮರ್ಯಾದಸ್ಥ ಮನುಷ್ಯ. ಲೈಸೆನ್ಸು ಓದಿ, ಪೆಟ್ಟಿಗೆ ತೆರೆಸಿ, ರೈಫಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದವರು ಕೆಳಗಿಳಿಸಲೇ ಇಲ್ಲ. ಹೆಬ್ಬೆರಳಿನಿಂದ ಆ ಹೊಳೆಯುವ ಜಾಗ ಸವರಿದರು.

“ನಾಲ್ಕನೇ ಅಂಕೆ ಏನು ಇದು? ಮೂರೋ ಎಂಟೋ?”

ಕಾಗದದಲ್ಲಿ ಎಂಟಿತ್ತು. ನಾನೂ ಬಗ್ಗಿ ನೋಡಿದೆ. ಹೇಳಲಾಗಲಿಲ್ಲ.

“ಇಡೀ ಬಂದೂಕು ಕಪ್ಪಗಿದೆ, ನಂಬರಿನ ಸುತ್ತ ಮಾತ್ರ ಯಾರೋ ಉಜ್ಜಿ ತೆಗೆದಿದಾರೆ. ನಂಬರು ಅಳಿಸಿದ ಬಂದೂಕನ್ನ ಸಾಗಿಸೋದು ಫೆಡರಲ್ ಅಪರಾಧ ಅಂತ ಗೊತ್ತಾ ಮೇಡಂ? ಇದನ್ನ ಮಾಡಿದ್ದು ಯಾರು?”

ಆ ಒಂದು ಕ್ಷಣವನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ನನ್ನ ಪೌರತ್ವದ ಸಂದರ್ಶನ ಎರಡು ತಿಂಗಳಲ್ಲಿತ್ತು. ಫೆಡರಲ್ ಅಪರಾಧವೆಂದರೆ ಅದು ಅಲ್ಲಿಗೆ ಮುಗಿದಂತೆ. ಬಂದೂಕಿನ ಅಂಗಡಿಯವನಿಗೆ ಸತ್ಯದ ಪಾಠ ಹೇಳಿದವಳು ನಾನೇ.

“ನನ್ನ ಕೈಗೆ ಬಂದಾಗಲೇ ಹೀಗಿತ್ತು,” ಎಂದೆ.

ಪಕ್ಕದಲ್ಲಿ ನಿಂತಿದ್ದ ನಮ್ಮವರು ನೆಲ ನೋಡಿದರು. ಅಧಿಕಾರಿ ಲೈಸೆನ್ಸಿನಲ್ಲಿದ್ದ ಒಡೆಯರ ಹೆಸರು ನೋಡಿ, ಎಲ್ಲಿ ಸಿಗುತ್ತಾರೆಂದು ಕೇಳಿ, ನಾನು ಹೇಳಿದ ಆಸ್ಪತ್ರೆಯ ನಂಬರಿಗೆ ಒಳಗಿನ ಕೋಣೆಯಿಂದ ಫೋನ್ ಮಾಡಿದರು. ಹತ್ತು ನಿಮಿಷ ಬಿಟ್ಟು ಬಂದರು.

“ಒಡೆಯರು ಒಪ್ಕೊಂಡಿದಾರೆ. ನಾನೇ ಉಜ್ಜಿದ್ದು ಅಂದ್ರು. ನೀವು ಹೋಗ್ಬಹುದು. ರೈಫಲ್ ಇಲ್ಲೇ ಇರುತ್ತೆ, ಪರೀಕ್ಷೆಗೆ ಹೋಗುತ್ತೆ. ಆಮೇಲೆ ನಾಶ ಮಾಡ್ತಾರೆ.”

 ಮಗ ಟೊರಾಂಟೊದ ಏರ್‌ಪೋರ್ಟಿಗೆ ಹೊರಡುವ ಮುಂಚೆಯೇ ತಡೆಯಬೇಕೆಂದು ಏರ್‌ಪೋರ್ಟಿನ ಬೂತಿನಿಂದ ಫೋನ್ ಮಾಡಿದೆ. ಕೆಲಸದ ಜಾಗದಲ್ಲಿ ಸಿಕ್ಕಿದ. ಕಾಗದಪತ್ರದ ತೊಂದರೆ, ಈವತ್ತು ಬರಲಾಗುವುದಿಲ್ಲ ಎಂದೆ.

 “ಪರವಾಗಿಲ್ಲ ಮೇಡಂ. ಅವರು ಮನಸ್ಸು ಬದಲಾಯಿಸಿದ್ರೆ ನಂಗೆ ನೇರವಾಗೇ ಹೇಳ್ಬಹುದು.”

“ಇಲ್ಲಪ್ಪಾ, ಖಂಡಿತ ಅದಲ್ಲ” ಎಂದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ. ಅವನು ನಂಬಲಿಲ್ಲ; ದನಿಯಲ್ಲೇ ತಿಳಿಯಿತು.

 ಹಿಂದಿರುಗುವಾಗ, ರಿಚ್ಮಂಡ್ ದಾಟಿದ ಮೇಲೆ, ನಮ್ಮವರು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ, “ಹೇಳ್ಬಿಡ್ಬೇಕಿತ್ತು ಕಣೇ” ಎಂದರು.

“ನೀವ್ಯಾಕೆ ಹೇಳ್ಲಿಲ್ಲ? ಬಾಯಿ ಇರ್ಲಿಲ್ವಾ?”

“ನಂಗೂ ಭಯ ಆಯ್ತು.”

ಅವರ ಮೇಲೆ ರೇಗಲು ಇದ್ದ ಕಾರಣವೂ ಹೋಯಿತು. ಉಳಿದ ದಾರಿ ಅಳುತ್ತ ಬಂದೆ.

ಮರುದಿನ ಬೆಳಿಗ್ಗೆ ವಾರ್ಡಿಗೆ ಹೋದಾಗ ಅಜ್ಜ ಹಾಸಿಗೆಯ ಅಂಚಿನಲ್ಲಿ ಕೂತು, ಮೊಣಕಾಲಿಗೆ ಮೊಣಕೈಯೂರಿ ಉಸಿರೆಳೆಯುತ್ತಿದ್ದರು. ತುಟಿ ನೀಲಿಗಟ್ಟಿತ್ತು. ನಾನು ಬಾಗಿಲು ಮುಚ್ಚಿ, ಮಾಡಿದ್ದನ್ನೆಲ್ಲ ಹೇಳಿದೆ. ಹುಣಸೆಹಣ್ಣು, ಪೂಜೆ, ಸುಳ್ಳು, ಒಂದನ್ನೂ ಬಿಡಲಿಲ್ಲ.

“ಹಾಗೇ ಏನೋ ಇರ್ಬೇಕು ಅಂದ್ಕೊಂಡೆ,” ಎಂದರು, ಒಂದೊಂದು ಪದಕ್ಕೆ ಒಂದೊಂದು ಉಸಿರು. “ನನ್ನನ್ನ ಜೈಲಿಗೆ ಹಾಕ್ಲಿ. ಆಕ್ಸಿಜನ್ ಅವರೇ ಕೊಡ್ಬೇಕಾಗುತ್ತೆ.” ನಗಲು ಹೋಗಿ ಕೆಮ್ಮಿದರು. ಆಮೇಲೆ ನನ್ನ ಕೈ ಹಿಡಿದು, “ಅದು ಹೋಗುತ್ತಲ್ಲಾ?” ಎಂದರು.

ರೈಫಲಿನ ಗತಿ ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಉಳಿಸಲು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರೆ ನಾನು ಪಾರಾಗುತ್ತೇನೆ, ರೈಫಲೂ ಹೇಗೋ ದಾಟುತ್ತದೆ ಎಂದುಕೊಂಡಿದ್ದರು. ಒಡೆಯನೇ ನಂಬರು ಅಳಿಸಿದ ಬಂದೂಕು ಎಲ್ಲಿಗೂ ಹೋಗುವುದಿಲ್ಲ, ಅದನ್ನು ಕತ್ತರಿಸಿ ಹಾಕುತ್ತಾರೆ ಎಂದು ಆ ಮುಖ ನೋಡಿ ಹೇಳಬೇಕಾಯಿತು. ಅವರು ಕೈ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಗೋಡೆಯ ಕಡೆ ನೋಡುತ್ತ ಕೂತರು. ಕಾನೂನಿನ ಪ್ರಕಾರ ಆಗಲಿ ಎಂದು ನನ್ನನ್ನು ಹುಡುಕಿದ ಮನುಷ್ಯ, ನನ್ನ ದೆಸೆಯಿಂದ ಸುಳ್ಳು ಹೇಳಿ, ಅದರಿಂದಲೇ ಮಗನಿಗೆ ಕಳಿಸಬೇಕಾದ್ದನ್ನು ಕಳೆದುಕೊಂಡಿದ್ದರು.

ನಾನು ನಿರ್ಧಾರ ಮಾಡಿದ್ದು ಅಲ್ಲೇ, ಆ ಸ್ಟೂಲಿನ ಮೇಲೆ. ದೊಡ್ಡ ಧೈರ್ಯವೇನಲ್ಲ. ಸುಮ್ಮನಿದ್ದು ದಿನಾ ಆ ವಾರ್ಡಿಗೆ ಬರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

“ನಾಳೆ ಬೆಳಿಗ್ಗೆ ವಾಷಿಂಗ್ಟನ್‌ಗೆ ಹೋಗಿ ನಿಜ ಹೇಳ್ತೀನಿ. ಆದ್ರೆ ನೀವು ಅಲ್ಲಿವರೆಗೆ ಇರ್ಬೇಕು. ಲೈಸೆನ್ಸು ನೀವು ಬದುಕಿದ್ರೆ ಮಾತ್ರ. ಈಗ ಇರೋ ಉಸಿರು ನೋಡಿದ್ರೆ...” 

ಅಜ್ಜ ಗೋಡೆಯಿಂದ ನನ್ನ ಕಡೆ ತಿರುಗಿದರು. “ಹಾಗಾದ್ರೆ ಕೊಳವೆ ಹಾಕು. ಅದು ಅವನ ಕೈ ಸೇರಿದ ತಕ್ಷಣ ತೆಗೀಬೇಕು. ಮಾತು ಕೊಡು.”

ಕೊಟ್ಟೆ. ಹೊಸ ಕಾಗದಕ್ಕೆ ಅವರು ಸಹಿ ಹಾಕಿದರು, ನರ್ಸ್ ಸಾಕ್ಷಿ. ನನ್ನ ಕೈಯಾರೆ ಗಂಟಲಿಗೆ ಕೊಳವೆ ಇಳಿಸಿದೆ. ಯಂತ್ರ ಅವರ ಎದೆಯನ್ನು ಏರಿಸಿ ಇಳಿಸತೊಡಗಿತು. ಆ ಗಳಿಗೆಯಿಂದ ಅವರ ದನಿ ನಿಂತಿತು. ರೋಗಿಗೆ ಬೇಡವೆನಿಸಿದ್ದನ್ನು ಒಂದು ಸರ್ಕಾರಿ ಕಾಗದಕ್ಕೋಸ್ಕರ ಮಾಡುತ್ತಿದ್ದೇನಲ್ಲ ಎಂದು ಸಂಕಟವಾಯಿತು. ಮಾಡಿದ್ದು ಸರಿಯೇ ಎಂಬುದು ಈವತ್ತಿಗೂ ಗೊತ್ತಿಲ್ಲ.

ಮರುದಿನ ನಮ್ಮವರ ಜೊತೆ ಏರ್‌ಪೋರ್ಟಿಗೆ ಹೋಗಿ, ಅದೇ ಕಸ್ಟಮ್ಸ್ ಅಧಿಕಾರಿಯ ಎದುರು ನಿಂತು, “ಮೊನ್ನೆ ನಾನು ಹೇಳಿದ್ದು ಸುಳ್ಳು. ತಿಕ್ಕಿದ್ದು ನಾನು. ಮುದುಕರು ನನ್ನನ್ನು ಕಾಪಾಡಲು ಹಾಗೆಂದರು” ಎಂದೆ. ಬರೆದು ತಂದಿದ್ದ ಹೇಳಿಕೆ ಕೊಟ್ಟೆ. ಅವರು ಓದಿದರು. ಅವರ ಮುಖದಲ್ಲಿ ಮೊದಲು ಕಂಡದ್ದು ಕೋಪವಲ್ಲ, ಬೇಸರ.

“ಪೂಜೆಗೆ? ಬಂದೂಕಿಗೆ?”

“ವರ್ಷಕ್ಕೊಂದು ದಿನ. ಕಾರಿಗೂ ಮಾಡ್ತೀವಿ.”

“ಈ ಕಥೆ ನಾನು ನಂಬಿದ್ರೂ ಪರೀಕ್ಷಕ ನಂಬಬೇಕಲ್ಲ ಮೇಡಂ,” ಎಂದು ನಮ್ಮನ್ನು ವಾಷಿಂಗ್ಟನ್ ನಗರದ ಒಂದು ಕಟ್ಟಡಕ್ಕೆ ಕಳಿಸಿದರು. ರೈಫಲ್ ಅಲ್ಲಿಗೆ ಹೋಗಿತ್ತು.

ಪರೀಕ್ಷಕ ವಯಸ್ಸಾದವರು, ತೋಳಿಗೆ ಎಣ್ಣೆ ಕಲೆಯ ಬಿಳಿ ಕೋಟು. ಯಾವ ಆಸಿಡ್ ಬಳಸಿದಿರಿ ಎಂದು ನೇರವಾಗಿ ಕೇಳಿದರು. ನಾನು ಕೈಚೀಲದಿಂದ ಹುಣಸೆಹಣ್ಣಿನ ಉಂಡೆ, ಉಪ್ಪಿನ ಪೊಟ್ಟಣ, ಪಾತ್ರೆ ತಿಕ್ಕುವ ಉಕ್ಕಿನ ನಾರು ತೆಗೆದು ಮೇಜಿನ ಮೇಲಿಟ್ಟೆ. ಅವರು ಹುಣಸೆಹಣ್ಣನ್ನು ಮೂಸಿ ನೋಡಿದರು.

“ಏನಿದು?”

“ನಾವು ಸಾರಿಗೆ ಹಾಕೋದು. ಊಟದ ಸಾಮಾನು.”

“ಊಟದ ಸಾಮಾನಿನಲ್ಲಿ ಈ ಲೇಪ ಹೋಗಲ್ಲ,” ಎಂದರು.

“ಒಂದು ಹಳೇ ತುಂಡು ಕೊಡಿ,” ಎಂದೆ.  ಹೋಗದಿದ್ದರೆ?

ಅದೇ ನೀಲಿಗಪ್ಪು ಲೇಪದ, ಕತ್ತರಿಸಿದ ಕೊಳವೆಯ ತುಂಡೊಂದನ್ನು ಕೊಟ್ಟರು. ಫೆಡರಲ್ ಸರ್ಕಾರದ ಪ್ರಯೋಗಾಲಯದ ಸಿಂಕಿನ ಮುಂದೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಸೆಹಣ್ಣು ಕಿವುಚಿ ತಿಕ್ಕತೊಡಗಿದೆ.  ಐದು ನಿಮಿಷ ಏನೂ ಆಗಲಿಲ್ಲ. ನಮ್ಮವರು ಹಿಂದಿನಿಂದ ಮೆಲ್ಲಗೆ, “ಉಪ್ಪು ಜಾಸ್ತಿ ಹಾಕು” ಎಂದರು. ಹಾಕಿದೆ. ಕಪ್ಪು ಕಂದಾಯಿತು, ಕಂದು ಬೂದಿಯಾಯಿತು. ಕೊನೆಗೆ ನಾರಿನ ಕೆಳಗೆ ಬೆಳ್ಳಗೆ ಉಕ್ಕು ಕಂಡಿತು. ಪರೀಕ್ಷಕರು ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ನೀರಿನಲ್ಲಿ ತೊಳೆದು ನೋಡಿದರು. ರೈಫಲನ್ನು ದೊಡ್ಡ ಭೂತಗನ್ನಡಿಯ ಕೆಳಗಿಟ್ಟು, ಬೆಳಕನ್ನು ಪಕ್ಕದಿಂದ ಹಾಯಿಸಿ, ನನ್ನನ್ನೂ ಕರೆದರು.

“ಅಳಿಸೋಕೆ ಹೊರಟವನು ಅರ ಹಾಕ್ತಾನೆ, ಅಂಕೆ ಒತ್ತಿರೋ ತಗ್ಗೇ ಸವೆದು ಹೋಗುತ್ತೆ. ಇಲ್ಲಿ ಬಣ್ಣ ಮಾತ್ರ ಹೋಗಿದೆ, ಲೋಹ ಹೋಗಿಲ್ಲ. ನೋಡಿ, ಎಂಟು.”

ನೋಡಿದೆ. ಎಂಟೇ. ಅಷ್ಟು ಸುಂದರವಾದ ಎಂಟನ್ನು ನಾನು ಕಂಡಿರಲಿಲ್ಲ.

ಅವರು ವರದಿಗೆ ಸಹಿ ಹಾಕಿದರು. ಮಧ್ಯಾಹ್ನ ಕಸ್ಟಮ್ಸ್ ಅಧಿಕಾರಿ ಆ ವರದಿ ನೋಡಿ ಲೈಸೆನ್ಸಿನ ಮೇಲೆ ಮುದ್ರೆ ಒತ್ತುವ ಮುಂಚೆ ಎರಡು ಕೆಲಸ ಮಾಡಿದರು. ಆಸ್ಪತ್ರೆಗೆ ಫೋನ್ ಮಾಡಿ ಅರ್ಜಿದಾರರು ಬದುಕಿದ್ದಾರೆಯೇ ಎಂದು ಕೇಳಿದರು. ಆಮೇಲೆ ನನಗೆ, “ಸುಳ್ಳು ಹೇಳಿಕೆ ಕೊಟ್ಟಿದ್ದು ನಿಮ್ಮ ಫೈಲಿಗೆ ಹೋಗುತ್ತೆ. ತಪ್ಪಿಸೋಕೆ ಆಗಲ್ಲ” ಎಂದರು. ಸರಿ ಎಂದೆ. ನನ್ನ ಪೌರತ್ವ ಎರಡು ವರ್ಷ ತಡವಾಯಿತು. ಆ ಒಂದು ವಾಕ್ಯದ ಬಗ್ಗೆ ಬೇರೆ ಬೇರೆ ಕೋಣೆಗಳಲ್ಲಿ ಕೂತು ವಿವರಿಸಬೇಕಾಯಿತು. ನ್ಯಾಯವೇ.

ನಮ್ಮವರು ಏರ್‌ಪೋರ್ಟಿನಲ್ಲೇ ಉಳಿದರು. ನಾನೊಬ್ಬಳೇ ಟೊರಾಂಟೊದಲ್ಲಿ ಇಳಿದಾಗ ಸಂಜೆಯ ಬೆಳಕಿತ್ತು. ವಿಮಾನ ಹತ್ತುವ ಮುಂಚೆ ಫೋನಿನಲ್ಲಿ ತಿಳಿಸಿದ್ದೆ; ಅಲ್ಲಿನ ಕಸ್ಟಮ್ಸ್ ಮೇಜಿನ ಬಳಿ ಮಗ ಕಾಯುತ್ತಿದ್ದ. ಇಪ್ಪತ್ತೆಂಟರ ಆಸುಪಾಸು, ಗಡ್ಡ, ಮರದ ಪುಡಿ ಹಿಡಿದ ಜಾಕೆಟ್. ಮರಗೆಲಸದ ಕಾರ್ಖಾನೆಯಿಂದ ನೇರ ಬಂದಿದ್ದ. ಅಧಿಕಾರಿ ಮತ್ತೆ ನಂಬರು ನೋಡಿ, ಅವನಿಂದ ಸಹಿ ಹಾಕಿಸಿ, ರೈಫಲನ್ನು ಅವನ ಕಡೆ ಸರಿಸಿದ. ಅವನು ಮುಟ್ಟಲಿಲ್ಲ.

“ಅವರು ಹೇಗಿದಾರೆ?”

ಹೇಳಿದೆ. ಕೊಳವೆ ಇದೆ, ಮಾತಾಡಲಾರರು, ಆದರೆ ಎಚ್ಚರವಿದೆ, ಕೇಳಿಸುತ್ತದೆ. ಎರಡು ದಿನ ತಡವಾದದ್ದು ನನ್ನ ತಪ್ಪಿನಿಂದ, ಅವರ ಮನಸ್ಸು ಒಂದು ಗಳಿಗೆಯೂ ಬದಲಾಗಿರಲಿಲ್ಲ ಎಂದೂ ಹೇಳಿದೆ. ಅಧಿಕಾರಿಯನ್ನು ಕೇಳಿ ಆಸ್ಪತ್ರೆಗೆ ಫೋನ್ ಮಾಡಿಸಿದೆ. ನರ್ಸ್ ರಿಸೀವರನ್ನು ಅಜ್ಜನ ಕಿವಿಗೆ ಹಿಡಿಯುತ್ತೇನೆಂದಳು.

ಮಗ ಫೋನ್ ತೆಗೆದುಕೊಂಡ. “ಪಾ,” ಎಂದ. ಅಷ್ಟೇ. ಬಾಯಿ ತೆರೆದ, ಮುಚ್ಚಿದ.  ಅತ್ತ ಕಡೆ ಯಂತ್ರ ಉಸಿರೆಳೆದು ಬಿಡುವ ಸದ್ದು ನನಗೂ ಕೇಳುತ್ತಿತ್ತು.

ಆಮೇಲೆ ಅವನು ರೈಫಲನ್ನು ನೋಡಿ, ನನ್ನ ಕಡೆ ಕೈ ಚಾಚಿದ. ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಸೂಟ್‌ಕೇಸಿನ ಸೀರೆಯ ಮಡಿಕೆಯಿಂದ ಬೋಲ್ಟ್ ತೆಗೆದುಕೊಟ್ಟೆ. ಅಧಿಕಾರಿ ಕೊಳವೆಯಲ್ಲಿ ಏನೂ ಇಲ್ಲವೆಂದು ಬೆರಳು ಹಾಕಿ ನೋಡಿ ತಲೆಯಾಡಿಸಿದ. ಮಗ ನೋಡದೆಯೇ, ಅಭ್ಯಾಸದ ಕೈಯಿಂದ ಬೋಲ್ಟ್ ಕೂರಿಸಿದ. ರಿಸೀವರನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲೇ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೊತ್ತಿದ. ಉಕ್ಕಿಗೆ ಉಕ್ಕು ತಾಗಿದ ನಾಲ್ಕು ಸದ್ದು.

ಕಾದೆವು. ರಿಸೀವರಿನಿಂದ ನರ್ಸಿನ ದನಿ ಸಣ್ಣಗೆ ಬಂತು. “ಬೆರಳೆತ್ತಿದಾರೆ. ಒಂದು ಬೆರಳು. ಇನ್ನೊಂದ್ ಸಲ ಅಂತಿದಾರೆ ಅನ್ಸುತ್ತೆ.”

ಅವನು ಮತ್ತೆ ಮಾಡಿದ.

“ಮತ್ತೆ ಬೆರಳೆತ್ತಿದ್ರು,” ಎಂದಳು ನರ್ಸ್. ಅವಳೂ ಅಳುತ್ತಿದ್ದಳು.

ಈ ಫೋನ್ ಇಡುವ ಮುಂಚೆ ನಾನು ಡ್ಯೂಟಿ ಡಾಕ್ಟರನ್ನು ಕರೆಸಿ ಕೊಳವೆ ತೆಗೆಯಲು ಹೇಳಬೇಕಿತ್ತು. ಕೊಟ್ಟ ಮಾತು ಅದು. ಆಮೇಲೆ ಅಜ್ಜ ಎಷ್ಟು ಹೊತ್ತು ಇರುತ್ತಾರೆಂಬುದು ನನಗೆ ಗೊತ್ತಿತ್ತು. ಅದನ್ನು ಮಗನಿಗೆ ನಾನಿನ್ನೂ ಹೇಳಿರಲಿಲ್ಲ. ಅವನು ಬೆನ್ನು ಬಗ್ಗಿಸಿ, ಕೆನ್ನೆಯನ್ನು ರಿಸೀವರಿನ ಹತ್ತಿರ ತಂದು, ಹಿಡಿಯನ್ನು ಎತ್ತುತ್ತ, ಎಳೆಯುತ್ತ, ತಳ್ಳುತ್ತ, ಒತ್ತುತ್ತ ಇದ್ದ. ಹಿಂದೆ ಸಾಲು ಬೆಳೆಯಿತು, ಅಧಿಕಾರಿ ಯಾರನ್ನೂ ಮುಂದಕ್ಕೆ ಕರೆಯಲಿಲ್ಲ. ಸಾಕು ಎಂದು ನಾನೂ ಹೇಳಲಿಲ್ಲ.